ಅಕ್ಕನ ಹೆಸರಿಗೇ ಬಂದ ಚಿಲುಮೆ ಹಣ

ಬಾಗಲಕೋಟೆ,
೨೨೧೪ನೆಯ ಇಸವಿ, ಫೆಬ್ರವರಿ ಮೂವತ್ತು

ನಮಗಿಂತ ಮುಂಚೆ ಬಾಳಿದ ಹಿರಿಯರಿಗೆ ಶಂಭುಲಿಂಗನ ನಮಸ್ಕಾರಗಳು. ಇಂಥ ತಾರೀಖು ನಿಮ್ಮಲ್ಲಿಲ್ಲವೆಂದು ಬಲ್ಲೆ. ಪತ್ರದ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಬೇಕು.

ವ್ಯಾಪಾರ ಕುಸಿದಾಗ, ಜನ ಮತ್ತೆ ಕೊಳ್ಳಲೆಂದು ನಮ್ಮ ಸರ್ಕಾರ ಹಣ ಹಂಚುತ್ತದೆ. ಅದನ್ನು ಚಿಲುಮೆ ಹಣ ಎನ್ನುತ್ತೇವೆ. ಹೋದ ವರ್ಷ ಅದು ತೆರಿಗೆ ಲೆಕ್ಕ ಸಲ್ಲಿಸುವವರಿಗೂ ಅವರ ಚಿಕ್ಕ ಮಕ್ಕಳಿಗೂ ಬಂತು. ನನ್ನ ಅಕ್ಕ ನಿಂಬೆಕ್ಕನಿಗೆ ಬರಲಿಲ್ಲ. ಹುಟ್ಟಿನಿಂದ ಅವಳ ಕಾಲುಗಳಲ್ಲಿ ಬಲವಿಲ್ಲ. ನನ್ನ ತೆರಿಗೆ ಲೆಕ್ಕದಲ್ಲಿ ಅವಳು ಅವಲಂಬಿತೆ. ವಯಸ್ಸಿಗೆ ಬಂದ ಅವಲಂಬಿತರಿಗೆ ಪಾಲಿಲ್ಲವೆಂಬುದು ನಿಯಮವಾಗಿತ್ತು.

ಅವಳ ಹೆಸರು ತೆಗೆಸಿ ಬೇರೆ ಲೆಕ್ಕ ಬರೆಸಿದರೆ ನನ್ನ ತೆರಿಗೆ ಏರುತ್ತಿತ್ತು, ಆದರೆ ಅವಳಿಗೆ ಹಣ ಸಿಗುತ್ತಿತ್ತು. "ತೆಗಸ್ತೀನಿ ಬಿಡಕ್ಕ," ಎಂದೆ.

"ನಿನ್ನ ಕೂಡ ಇರಾಕಿ ನಾ. ಇಲ್ಲಂತ ಯಾಕ ಬರಸ್ತಿ? ನನ್ನ ತಂಪುಗೂಡಿಗೆ ಕರ್ಕೊಂಡು ನಡಿ," ಎಂದಳು.

ತಂಪುಗೂಡೆಂದರೆ ಬೇಸಿಗೆಯ ಹಗಲನ್ನು ಓಣಿಯವರೆಲ್ಲ ಕೂಡಿ ಕಳೆಯುವ ನೆಲದಡಿಯ ಹಜಾರ. ಒಂದೆಡೆ ಮಕ್ಕಳ ಪಾಠ, ಇನ್ನೊಂದೆಡೆ ರೊಟ್ಟಿ ಬಡಿಯುವ ಸದ್ದು, ಗೋಡೆಗೊರಗಿ ಹರಟುವ ಮುದುಕರು. ತಿಂಗಳಿಗೊಮ್ಮೆ ಅಧಿಕಾರಿಗಳು ಅಲ್ಲಿಗೇ ಬಂದು ಅಹವಾಲು ಕೇಳುತ್ತಾರೆ.

ಅಂದು ಬಂದಿದ್ದ ಅಧಿಕಾರಿ ಮಂಗಳಗೌರಿ ತಾಳ್ಮೆಯವರು. "ನಿಮ್ಮ ಪಾಲು ನಿಮ್ಮ ತಮ್ಮನ ಪಾಲಿನೊಳಗ ಬಂದೈತ್ರಿ," ಎಂದರು.

"ಬಾಜೂ ಮನಿ ವಿರೂಪಾಕ್ಷ ಒಬ್ಬನ ಇರ್ತಾನ್ರಿ. ಅವಗೂ ಅಷ್ಟ ಬಂದೈತಿ. ಹಂಗಾರ ನನ್ನ ಪಾಲು ಎಲ್ಲೈತ್ರಿ?"

ರೊಟ್ಟಿ ಬಡಿಯುವವರೂ ಇತ್ತ ತಿರುಗಿದರು. ಮನೆಯಲ್ಲಿ ಕುಡಿಯುವ ನೀರನ್ನೂ ಮೆಲ್ಲಗೆ ಕೇಳುವ ಅಕ್ಕ, ಅಷ್ಟು ಜನರೆದುರು ಅಳುಕಲಿಲ್ಲ. ಮಗನ ಆಸರೆಯಲ್ಲಿದ್ದ ಮುದುಕನೊಬ್ಬ "ನಂದೂ ಅದ ಕೇಳ್ರಿ," ಎಂದು ಎದ್ದ. ತಂದೆತಾಯಿಯ ಲೆಕ್ಕದಲ್ಲಿದ್ದ ಕಾಲೇಜಿನ ಹುಡುಗಿಯರೂ ಎದ್ದರು.

"ನೀವು ಕೇಳೂದು ಖರೇ ಐತ್ರಿ," ಎಂದರು ಮಂಗಳಗೌರಿ. "ಮ್ಯಾಲಿನವ್ರನ್ನ ಕೇಳ್ತೀನಿ."

ಕೇಳಿದರು; ಬಿಡದೆ ಕೇಳಿದರು. ಹೋದ ವರ್ಷದ ಹಣ ಬರಲೇ ಇಲ್ಲ. ಈ ವರ್ಷ ನಿಯಮ ಬದಲಾಗಿ, ನಿನ್ನೆ ಅಕ್ಕನ ಹೆಸರಿಗೇ ಹಣ ಬಂತು. ಸಂಜೆಯೇ ಅಕ್ಕ ನನ್ನನ್ನು ಸಂತೆಗೆ ಹೊರಡಿಸಿದಳು. ದ್ರಾಕ್ಷಿಯವಳೊಂದಿಗೆ ಅವಳು ಚೌಕಾಸಿಗಿಳಿದದ್ದನ್ನು ನೀವು ನೋಡಬೇಕಿತ್ತು. ಕೊನೆಗೆ ದ್ರಾಕ್ಷಿಯವಳೇ ಸೋತು, "ಒಯ್ಯವ್ವಾ ತಾಯಿ," ಎಂದು ತೂಗಿ ಕೊಟ್ಟಳು. ಅಕ್ಕ ಚೌಕಾಸಿ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಿರಿಯರೇ, ನಿಮ್ಮ ಮನೆಗಳಲ್ಲೂ ಇಂಥವರು ಇದ್ದಾರು. ಏನು ಬೇಕೆಂದು ಅವರನ್ನೇ ಕೇಳಿ ಎಂಬುದೊಂದೇ ನನ್ನ ವಿನಂತಿ. ದ್ರಾಕ್ಷಿ ತುಸು ಹುಳಿಯಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಆಡುವಂತಿಲ್ಲ.