ಹವಳಕ್ಕೆ ಸುಣ್ಣ ಕೊಡುವ ಹಕ್ಕು

ಮಧುಗಿರಿ,
೯ನೇ ಜುಲೈ ೨೦೨೪, ಮಂಗಳವಾರ

ಪ್ರೀತಿಯ ಪವಿತ್ರಕ್ಕಾ,

ನೀನಿಲ್ಲದ ಮನೆಯ ಹಂಗಾಮಿ ಹವಳಪಾಲಕನಾದ ನಿನ್ನ ತಮ್ಮ ಅಂಜಿನಮೂರ್ತಿ ಮೊಣಕೈವರೆಗೆ ಕೈ ತೊಳೆದುಕೊಂಡು ಬರೆಯುವ ಪತ್ರ ಇದು. ಹೆಂಗಿದ್ದೀಯ? ಮಂಡಿ ನೋವು ಕಮ್ಮಿ ಆಯ್ತಾ? ಪರೇಡಿನಲ್ಲಿ ಎಡಗಾಲು ಎಳೆದರೆ ಬೈತಾರೆ ಅಂತ ಅಮ್ಮನ ಹತ್ತಿರ ಅಂದೆಯಂತೆ. ಆವತ್ತಿನಿಂದ ಜುಂಜಮ್ಮಜ್ಜಿ ಹರಳೆಣ್ಣೆ ಶೀಸೆ ಕೈಯಲ್ಲಿ ಹಿಡಿದುಕೊಂಡು, ಪೊಲೀಸರ ತರಬೇತಿ ಶಾಲೆಗೆ ಯಾವ ಬಸ್ಸು ಹೋಗುತ್ತೆ ಅಂತ ಬೀದಿಯವರನ್ನೆಲ್ಲ ಕೇಳ್ತಿದ್ದಾಳೆ. ಇದನ್ನೆಲ್ಲ ನಾನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಕೈಗೆ ಫೋನು ಬರೋದು ಭಾನುವಾರ ಅರ್ಧ ಗಂಟೆ. ಮೊನ್ನೆಯ ಅರ್ಧ ಗಂಟೆಯಲ್ಲಿ ಇಪ್ಪತ್ತೆರಡು ನಿಮಿಷ ಶಿರಾದ ಗೋಪಾಲ್ ಮೇಷ್ಟ್ರಿಗೆ ಹೋಯಿತು, ಆರು ನಿಮಿಷ ಅಮ್ಮನಿಗೆ. ನನ್ನ ಪಾಲಿಗೆ ಉಳಿದದ್ದರಲ್ಲಿ ನೀನು ಕೇಳಿದ್ದು ಒಂದೇ ಮಾತು, "ಹವಳ ಹೆಂಗವೆ?" ನಾನು ಹೆಂಗಿದ್ದೀನಿ ಅಂತ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿಲ್ಲ ಅಂತಿದ್ದೆ. ಇರಲಿ, ಹಂಗಾಮಿಗಳಿಗೆ ದುಃಖ ಇರಬಾರದು.

ಈಗ ವಿಷಯಕ್ಕೆ ಬರ್ತೀನಿ. ತುಮಕೂರಿನ ಮೀನಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ನೀನು ಪ್ಲಾಸ್ಟಿಕ್ ಕವರಿನಲ್ಲಿ ತಂದ ಬೆರಳುದ್ದದ ಹವಳದ ತುಂಡುಗಳು ನಮ್ಮ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಮೂರು ವರ್ಷದಲ್ಲಿ ಅಂಗೈಯಗಲ ಆಗಿವೆ. ಮೈ ಕಟ್ಟಿಕೊಳ್ಳೋಕೆ ನೀರಿನಲ್ಲಿರುವ ಕ್ಯಾಲ್ಸಿಯಮ್ಮನ್ನೆಲ್ಲ ತಿಂದುಬಿಡುತ್ತವೆ. ನಾವಿಬ್ಬರೂ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಮುಚ್ಚಳದಲ್ಲಿ ಅಳೆದು ಹಾಕ್ತಿದ್ದದ್ದು ಇನ್ನು ಸಾಲೋದಿಲ್ಲ, ಅದಕ್ಕೊಂದು ಸಲಕರಣೆ ಬೇಕು ಅಂತ ಹೋಗುವಾಗ ನೀನೇ ಹೇಳಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಆಗ್ತಿತ್ತು. "ನೀನೂ ಗೋಪಾಲೂ ಹದಿನೈದು ಹದಿನೈದು ದಿನ ನಿಮ್ಮ ನಿಮ್ಮ ದಾರಿಯಲ್ಲಿ ನೋಡ್ರಿ, ಯಾರ ಕೈಲಿ ಕ್ಯಾಲ್ಸಿಯಂ ಮಟ್ಟ ಏರುಪೇರಾಗದೆ ನಿಲ್ಲುತ್ತೋ ನನಗೆ ಪೋಸ್ಟಿಂಗ್ ಆಗೋ ತನಕ ತೊಟ್ಟಿ ಅವರ ಮನೇಲಿರಲಿ" ಅಂದುಬಿಟ್ಟೆ. ಅಕ್ಕಾ, ಮೂರು ವರ್ಷ ಆ ಗಾಜು ಒರೆಸಿದವನು ನಾನು. ಮೇಷ್ಟ್ರು ನಿಮ್ಮಿಬ್ಬರ ನಿಶ್ಚಿತಾರ್ಥದ ದಿನ ಮೊದಲ ಸಲ ಅದನ್ನು ನೋಡಿ, "ಇದೇನು, ಕಲ್ಲಾ, ಗಿಡಾನಾ?" ಅಂದವರು.

ಆದರೂ ನ್ಯಾಯವಾಗಿ ಬರೆಯುತ್ತೇನೆ. ಸಲಕರಣೆಗಳು ಮೂರು. ಮೊದಲನೆಯದು ರಿಯಾಕ್ಟರು. ಉದ್ದನೆ ಕೊಳವೆಯಲ್ಲಿ ಸತ್ತ ಹವಳದ ಚೂರು ತುಂಬಿ, ಸೋಡಾಕ್ಕೆ ಬಿಡುವ ಗ್ಯಾಸನ್ನೇ ಬಿಟ್ಟು ಕರಗಿಸೋದು. ಶಿರಾದ ಗೋಲಿಸೋಡಾ ಅಂಗಡಿಯಲ್ಲಿ ಸಿಲಿಂಡರು ತುಂಬಿಸಿಕೊಡ್ತಾರಂತೆ. ಆದರೆ ಅದು ಮಂಚದಷ್ಟು ದೊಡ್ಡ ತೊಟ್ಟಿಗೆ ಸರಿ, ನಮ್ಮದು ತೊಟ್ಟಿಲಷ್ಟು. ಅದು ಬೇಡ ಅನ್ನೋದರಲ್ಲಿ ಮಾತ್ರ ಮೇಷ್ಟ್ರಿಗೂ ನನಗೂ ಒಮ್ಮತ. ಎರಡನೆಯದು ನನ್ನದು, ಸುಣ್ಣದ ತಿಳಿ. ತೊಟ್ಟಿಗೆಂದೇ ಬರುವ ಸುಣ್ಣದ ಪುಡಿಯನ್ನು ಶುದ್ಧ ನೀರಿನಲ್ಲಿ ಕದಡಿ, ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಗ್ಲೂಕೋಸ್ ಪೈಪಿನಿಂದ ತೊಟ್ಟು ತೊಟ್ಟಾಗಿ ಇಳಿಸೋದು. "ಎಲೆಗೆ ಹಚ್ಚೋದ್ನ ಕಲ್ಲಿಗೆ ಕುಡಿಸ್ತೀಯಲ್ಲೋ" ಅಂತ ಅಜ್ಜಿ ನಕ್ಕರೂ, ತಿಳಿ ನಿಂತಿತೋ ಇಲ್ಲವೋ ಅಂತ ನೋಡೋದಕ್ಕೆ ಅವಳ ಕಣ್ಣೇ ಬೇಕು. ಮೇಷ್ಟ್ರು ಮಾತ್ರ ಕನ್ನಡಕ ಒರೆಸಿಕೊಂಡು, "ಆವಿಯಾದಷ್ಟು ನೀರು ತಾನೇ ನೀನು ತುಂಬಿಸಬಹುದು? ಮೋಡ ಕವಿದು ನೀರು ಆರದ ದಿನ ಏನ್ಮಾಡ್ತೀಯ ಮೂರ್ತಿ?" ಅಂದರು. ಹೈಸ್ಕೂಲು ವಿಜ್ಞಾನದ ಮೇಷ್ಟ್ರಲ್ಲವೇ, ನಮ್ಮ ಮನೆಯ ಮೋಡವೂ ಅವರ ಸಿಲಬಸ್ಸಿಗೆ ಬರುತ್ತೆ.

ಮೂರನೆಯದು ಅವರ ಮಿಷಿನ್ನು, ಡೋಸಿಂಗ್ ಪಂಪು. ಅಂಗೈಯಗಲದ ಕರೀ ಡಬ್ಬ, ಎರಡು ಪೈಪು, ಎರಡು ಬಾಟಲಿ. ಒಂದರಲ್ಲಿ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಸೋಡಾಪುಡಿಯ ನೀರು. ಮೇಷ್ಟ್ರು ಶಿರಾದಲ್ಲಿ ಕೂತು ಫೋನು ಒತ್ತಿದರೆ ಇಲ್ಲಿ ಕಿರ್ರ್ ಅಂತ ಹನಿ ಬೀಳುತ್ತೆ. ಬೆಳಿಗ್ಗೆ ಆರಕ್ಕೆ ನಾನು ಕಣ್ಣುಜ್ಜಿಕೊಂಡು ಹೋದರೆ ಅದು ಆಗಲೇ ಕೆಲಸ ಮುಗಿಸಿ ಹಸಿರು ದೀಪ ಹಚ್ಚಿಕೊಂಡು ಕೂತಿರುತ್ತೆ. ನೀನೂ ನಾನೂ ಕೂರುತ್ತಿದ್ದ ಆ ಜಾಗದಲ್ಲಿ, ಅಕ್ಕಾ. ಮೊದಲ ದಿನ ಸುಮ್ಮನೆ ಅದರ ಮುಂದೆ ಕೂತಿದ್ದೆ. ಅಜ್ಜಿ ಎಲೆ ಮಡಿಸುತ್ತಾ, "ಅದು ತೊಟ್ಟಿಯೊಳ್ಗೆ ಅಲ್ಲ ಕಣ್ಲಾ ಕಿರ್ ಅಂತಿರಾದು, ನಿನ್ ಹೊಟ್ಟೆಯೊಳ್ಗೆ" ಅಂದಳು. ಅದಕ್ಕೇ ಮೇಷ್ಟ್ರು ಬಂದಾಗ ಕಾಫಿಗೆ ತೊಟ್ಟಿಯ ಉಪ್ಪು ಒಂದು ಚಮಚ ಹಾಕಿ ಕೊಟ್ಟೆ, ಉಪ್ಪಿನ ಗುಣಮಟ್ಟದ ಪರೀಕ್ಷೆ ಅಂತ. ಪುಣ್ಯಾತ್ಮ ಪೂರ್ತಿ ಕುಡಿದು, ಇನ್ನರ್ಧ ಲೋಟ ಇದೆಯಾ ಅಂತ ಕೇಳಿದರು. ಇಂಥವರ ಮೇಲೆ ಹೊಟ್ಟೆ ಉರಿಸಿಕೊಳ್ಳೋದೂ ಕಷ್ಟದ ಕೆಲಸ.

ಫಲಿತಾಂಶ ಕೇಳು. ನನ್ನ ಹದಿನೈದು ದಿನ ಮಟ್ಟ ನಾನೂರ ಇಪ್ಪತ್ತರಲ್ಲೇ ನಿಂತಿತ್ತು. ಮೇಷ್ಟ್ರ ಸರದಿಯಲ್ಲಿ ಇಳಿಯುತ್ತಾ ಹೋಯಿತು. ಪರೀಕ್ಷೆ ಮಾಡಿ ಅಂಕಿ ಕಳಿಸುವ ಕೆಲಸ ನನ್ನದು ತಾನೇ, ಕಳಿಸಿದೆ. ಅವರು ಹನಿ ಜಾಸ್ತಿ ಮಾಡಿದರು. ಮತ್ತೆ ಕಳಿಸಿದೆ, ಮತ್ತೆ ಜಾಸ್ತಿ ಮಾಡಿದರು. ನಿನ್ನೆ ಬೆಳಿಗ್ಗೆ ನೋಡಿದರೆ ತೊಟ್ಟಿ ತುಂಬ ಹಾಲು! ಹವಳಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದವು. ಮೇಷ್ಟ್ರು ಸ್ಕೂಲಿಗೆ ರಜೆ ಹಾಕಿ ಬಸ್ಸಿಗೆ ಬಂದರು. ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತಂದು, ಉಪ್ಪು ಬೆರೆಸಿ, ಸಂಜೆ ಐದರವರೆಗೆ ನೀರು ಬದಲಾಯಿಸಿದರು. ಆದ್ದರಿಂದ, ಮಾನ್ಯ ಅಕ್ಕನವರೇ, ಪಂಪು ಅನರ್ಹ, ಸುಣ್ಣದ ತಿಳಿಯೇ ಅರ್ಹ, ತೊಟ್ಟಿ ಮಧುಗಿರಿಯಲ್ಲೇ ಇರತಕ್ಕದ್ದು ಎಂದು ಈ ಮೂಲಕ ಶಿಫಾರಸು ಮಾಡಲಾಗಿದೆ.

ಅಮ್ಮ ನಿನಗೆ ಚೆನ್ನಾಗಿ ತಿನ್ನು ಅಂತ ಹೇಳಿದ್ದಾಳೆ. ಅಜ್ಜಿಯ ಆಶೀರ್ವಾದ ಹರಳೆಣ್ಣೆಯ ಸಮೇತ ಹಿಂದೆಯೇ ಬರುತ್ತೆ. ಮಂಡಿ ಜೋಪಾನ.

ನಿನ್ನ ತಮ್ಮ,
ಮೂರ್ತಿ

ಮರೆತ ಮಾತು: ಬಸ್ ಸ್ಟ್ಯಾಂಡಿನಲ್ಲಿ ಮಂಡಿ ಮೇಲೆ ಇಟ್ಟುಕೊಂಡು ಬರೀತಿದ್ದೀನಿ, ಅಕ್ಷರ ಕ್ಷಮಿಸು. ಮೇಲೆ ಬರೆದ ಅಂಕಿ ಯಾವುದನ್ನೂ ನಂಬಬೇಡ. ನನ್ನ ಸುಣ್ಣದಲ್ಲಿ ಮಟ್ಟ ಮುನ್ನೂರ ಎಂಬತ್ತಕ್ಕೆ ಇಳಿದಿತ್ತು, ನಾನೂರ ಇಪ್ಪತ್ತರಲ್ಲೇ ಇದೆ ಅಂತ ಬರೆದೆ. ಪಂಪಿನಲ್ಲಿ ನಾನೂರ ಮೂವತ್ತು ಇತ್ತು, ಪರೀಕ್ಷೆಯ ಗುಲಾಬಿ ನೀರು ನೀಲಿಗೆ ತಿರುಗಿದ್ದನ್ನು ಕಣ್ಣಾರೆ ಕಂಡೂ ಮುನ್ನೂರ ನಲವತ್ತು ಅಂತ ಕಳಿಸಿದೆ. ಸೋಡಾದ ಅಂಕಿಯೂ ಸುಳ್ಳು. ಅವರ ಮಾನ ಸ್ವಲ್ಪ ಹೋಗಲಿ ಅಂತಿತ್ತು ಅಷ್ಟೇ, ಹನಿ ಮಿತಿ ಮೀರಿದರೆ ನೀರು ಹಾಲಾಗುತ್ತೆ ಅಂತ ಗೊತ್ತಿರಲಿಲ್ಲ ಅಕ್ಕಾ. ನಿನ್ನ ಹಸಿರು ಕೊಂಬೆ ಹವಳದ ಎರಡು ತುದಿ ಬೆಳ್ಳಗಾಗಿವೆ, ಉಳಿದವು ಇವತ್ತು ಬಾಯಿ ಬಿಟ್ಟಿವೆ. ನಿನ್ನೆ ಸಂಜೆ ಗೋಪಾಲ್ ಭಾವ ಮಿಷಿನ್ನು ಬಿಚ್ಚಿ, ಪೈಪು ಸುತ್ತಿ, "ನಿಂಗೇ ಇದರ ಮೇಲೆ ಕೈ ಕೂತಿದೆ ಮೂರ್ತಿ, ನಾನು ಅವಸರ ಮಾಡ್ಬಿಟ್ಟೆ" ಅಂತ ಡಬ್ಬ ನನ್ನ ಕೈಗಿಟ್ಟು ಹೋದರು. ಭಾನುವಾರ ನಿನ್ನ ಹತ್ತಿರವೂ ತಪ್ಪು ಒಪ್ಪಿಕೊಳ್ಳೋಕೆ ಬರ್ತಾರೆ, ಬಿಡಬೇಡ. ಪಂಪನ್ನೇ ಆರಿಸು, ತೊಟ್ಟಿ ಶಿರಾಕ್ಕೆ ಹೋಗಲಿ. ಡಬ್ಬ ನನ್ನ ಚೀಲದಲ್ಲಿದೆ. ಅವರ ಸ್ಕೂಲು ಬಿಡೋದರೊಳಗೆ ಹೋಗಿ ಎಲ್ಲಾ ಹೇಳಿಬಿಡ್ತೀನಿ. ಶಿರಾ ಬಸ್ಸು ಬಂತು.