ಹಾಜಿಯವರ ಮುಂಜಾವು

ಕಾಸಾಬ್ಲಾಂಕಾ
ಶಾಬಾನ್ ತಿಂಗಳ ಹನ್ನೊಂದು, ಬುಧವಾರ ಮಧ್ಯಾಹ್ನ

ನನ್ನ ಕರುಳಿನ ತುಂಡು ಇಕ್ರಾಮ್‌ಗೆ ನಿನ್ನಮ್ಮ ತಾಮುವಿನ ಸಾವಿರ ಮುತ್ತು. ಹಿಬಾಳ ಎರಡು ಕೆನ್ನೆಗೆ ಬೇರೆಯೇ ಎರಡು.

ಅಮ್ಮ ಕಾಗದ ಬರೆದಿದ್ದಾಳೆಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಮಸೀದಿಯ ಹೆಂಗಸರ ತರಗತಿಯಲ್ಲಿ ಮೂರು ಚಳಿಗಾಲ ಕೂತು ಕಲಿತ ಅಕ್ಷರ ಇದು. ಸಾಲು ಸೊಟ್ಟಗಿದ್ದರೆ ನಗಬೇಡ. ನಮ್ಮ ಧಣಿ ಹಾಜಿಯವರು ಮರ್ರಾಕೇಶಿಗೆ ಹೋಗಿದ್ದಾರೆ. ಇಸ್ತ್ರಿ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀಯ. ನಿನ್ನ ಫೋನು ವಾರವೆಲ್ಲ ಬೀಗ ಹಾಕಿದ ಬಿಸ್ಕತ್ತಿನ ಡಬ್ಬದೊಳಗಿರುತ್ತದೆ. ಭಾನುವಾರ ಸಂಜೆ ಹೊರಗೆ ಬಂದಾಗ ಜವಾದ್ ಪಕ್ಕದಲ್ಲಿರುತ್ತಾನೆ. ಅವನ ದನಿ ಕಿವಿಗೆ ಬಿದ್ದರೆ ಸಾಕು, ನಾನು ಹೇಳಬೇಕೆಂದುಕೊಂಡದ್ದು ಒಂದು, ಬಾಯಿಂದ ಬರುವುದು ಇನ್ನೊಂದು.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ಕ್ರಮವಾಗಿ ಬರೆಯದಿದ್ದರೆ ನಡುವೆಯೇ ನನ್ನ ಧೈರ್ಯ ಜಾರಿಹೋದೀತು.

ನಿನ್ನ ಮದುವೆಯಾದ ಮೇಲೆ ಐದು ವರ್ಷ ಜವಾದ್ ನನ್ನನ್ನು ಅತ್ತೆ ಎಂದು ಕರೆಯಲಿಲ್ಲ. ಅವನದು ತಪ್ಪು ಅನ್ನುತ್ತಿಲ್ಲ. ಬೇರೆಯವರ ಒಳಬಟ್ಟೆ ಒಗೆಯುವವಳನ್ನು ನೆಂಟರಿಗೆ ತೋರಿಸುವುದು ಸುಲಭವಲ್ಲ. ಹಿಬಾಳಿಗೆ ಹೆಸರಿಟ್ಟ ದಿನ ಅವನ ಅಕ್ಕ ನನ್ನನ್ನು ಅಡುಗೆಮನೆಯಲ್ಲೇ ಕೂರಿಸಿ, "ನೀವು ಇಲ್ಲೇ ಆರಾಮಾಗಿರಿ, ನಿಮಗೆ ಅಭ್ಯಾಸ ಇದೆಯಲ್ಲ" ಅಂದಳು. ನಾನು ಪಾತ್ರೆ ತೊಳೆದು ಕೊನೆಯ ಟ್ಯಾಕ್ಸಿ ಹಿಡಿದು ಬಂದೆ.

ಆಮೇಲೆ ಹೋದ ವರ್ಷ, ದೊಡ್ಡ ಹಬ್ಬದ ಮೂರನೆಯ ದಿನ, ನಿಮ್ಮ ಬೆರ್‍ರಶೀದಿನ ಮನೆಯಲ್ಲಿ ಅವನು ಫೋನು ಹಿಡಿದು ನನ್ನ ಪಕ್ಕ ಬಂದು ಕೂತ. ಅದರಲ್ಲಿ ಹಾಜಿಯವರು ಯಾವುದೋ ಸಭೆಯಲ್ಲಿ ಮಾತಾಡುತ್ತಿದ್ದರು. ತಾನು ಬೆಳಗ್ಗೆ ನಾಲ್ಕೂವರೆಗೆ ಏಳುತ್ತೇನೆ, ತಣ್ಣೀರು ಸ್ನಾನ ಮಾಡಿ ಒಂದು ಗಂಟೆ ಓಡುತ್ತೇನೆ, ತನ್ನ ಸಿರಿಯೆಲ್ಲ ಆ ಹೊತ್ತಿನಲ್ಲಿ ಹುಟ್ಟಿದ್ದು ಎನ್ನುತ್ತಿದ್ದರು. ಜವಾದ್ ಕೇಳಿದ: "ಅತ್ತೆ, ಇದು ನಿಜಾನಾ? ನೀವು ಅದೇ ಮನೇಲಿ ಇದೀರಲ್ಲ, ಹೇಳಿ."

ಅತ್ತೆ ಅಂದ, ಮಗಳೇ. ತನ್ನ ಬೆನ್ನಿಗಿದ್ದ ದಿಂಬನ್ನು ತೆಗೆದು ನನ್ನ ಬೆನ್ನಿಗಿಟ್ಟ.

"ನಿಜ ಕಣಪ್ಪ," ಅಂದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವನು ಕೇಳುತ್ತಾ ಹೋದ, ನಾನು ಹೇಳುತ್ತಾ ಹೋದೆ. ಏಳು ಗಂಟೆಯವರೆಗೆ ಆ ಮನೆಯಲ್ಲಿ ಯಾರೂ ತುಟಿ ಬಿಚ್ಚುವ ಹಾಗಿಲ್ಲ, ಮಕ್ಕಳು ಚಿಕ್ಕವರಿದ್ದಾಗಲೂ ಅಳುತ್ತಿರಲಿಲ್ಲ ಅಂದೆ. ಮಧ್ಯಾಹ್ನದವರೆಗೆ ರೊಟ್ಟಿ ಮುಟ್ಟುವುದಿಲ್ಲ, ಒಂದು ಮೊಟ್ಟೆ, ನಿಂಬೆ ಹಿಂಡಿದ ಬಿಸಿನೀರು ಅಷ್ಟೇ ಅಂದೆ. ಮನೆಯವರ ಫೋನನ್ನೆಲ್ಲ ಬೀಗ ಹಾಕಿ ಇಡುತ್ತಾರೆ ಅಂದೆ. ಅವನು ಶಾಲೆಯ ಹುಡುಗನ ಹಾಗೆ ಬರೆದುಕೊಂಡ. ಹೊರಡುವಾಗ ಟ್ಯಾಕ್ಸಿ ನಿಲ್ದಾಣದವರೆಗೂ ನನ್ನ ಚೀಲ ಅವನೇ ಹೊತ್ತ. "ಆ ಕೆಲಸ ಸಾಕು ಮಾಡಿ ಅತ್ತೆ. ನಾನು ಒಂದು ದಡ ಮುಟ್ಟಿದ ತಕ್ಷಣ ಮಾಳಿಗೆ ಮೇಲಿನ ಕೋಣೆ ನಿಮ್ಮದೇ," ಅಂದ. ದಾರಿಯುದ್ದಕ್ಕೂ ಆ ಕೋಣೆಗೆ ಯಾವ ಬಣ್ಣದ ಪರದೆ ಹಾಕಲಿ ಎಂದು ಯೋಚಿಸುತ್ತಾ ಬಂದೆ.

ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಅವನದು ಎರಡನೆಯ ಪಾಳಿ, ಮನೆ ಸೇರಿ ಉಂಡು ಮಲಗುವಾಗ ಹನ್ನೆರಡಾಗುತ್ತದೆ ಎಂದು ನನಗೆ ಗೊತ್ತಿತ್ತು. ನಾಲ್ಕೂವರೆಗೆ ಎದ್ದರೆ ಎಷ್ಟು ನಿದ್ದೆಯಾದೀತು ಎಂದು ಲೆಕ್ಕ ಹಾಕಲು ಅಕ್ಷರ ಕಲಿಯಬೇಕಿಲ್ಲ. ನಾನು ಲೆಕ್ಕ ಹಾಕಲಿಲ್ಲ. ಪ್ರತಿ ಭಾನುವಾರ ಅವನು, "ಅತ್ತೆ, ಮೈಯಲ್ಲಿ ಹೊಸ ರಕ್ತ ಬಂದ ಹಾಗಿದೆ," ಎನ್ನುತ್ತಿದ್ದ. ನೀನು, "ಚೆನ್ನಾಗಿದೀವಮ್ಮ," ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ಒಂದು ಮಾತೂ ಇಲ್ಲ.

ಹೀಗೆ ಏಳು ತಿಂಗಳು ನಿಮ್ಮ ಮನೆಯಲ್ಲೂ ಅದೇ ದಿನಚರಿ ನಡೆಯಿತು. ಆಮೇಲೆ ಅವನು ಕತ್ತರಿಸುವ ಯಂತ್ರದ ಮುಂದೆ ತೂಕಡಿಸಿದ ಸುದ್ದಿ ಬಂತು.

ಮೂರು ವಾರದ ಹಿಂದಿನ ಆ ಭಾನುವಾರ ನಾನು ಬಂದದ್ದು ಅವನ ಗಾಯ ನೋಡಲು ಮಾತ್ರವಲ್ಲ. ಎಲ್ಲ ಹೇಳಿಬಿಡಬೇಕೆಂದು ಬಂದಿದ್ದೆ. ಟ್ಯಾಕ್ಸಿಯಲ್ಲಿ ಐದು ಜನರ ನಡುವೆ ಒತ್ತಿಕೊಂಡು, ಯಾವ ಮಾತು ಮೊದಲು, ಯಾವುದು ಆಮೇಲೆ ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಬಾಗಿಲು ತೆಗೆದವಳು ಹಿಬಾ. ಮೊಣಕಾಲು ತರಚಿ ರಕ್ತ ಬರುತ್ತಿತ್ತು. ಅಳುತ್ತಿದ್ದಳು, ಆದರೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು. ಕಣ್ಣೀರು ಬೆರಳ ಸಂದಿಯಿಂದ ಇಳಿಯುತ್ತಿತ್ತು, ಸದ್ದು ಮಾತ್ರ ಇಲ್ಲ. ಆಗ ಬೆಳಗ್ಗೆ ಹತ್ತು ಗಂಟೆ. ಮಾತಾಡಬಾರದ ಹೊತ್ತು ಮುಗಿದು ಎಷ್ಟೋ ಆಗಿತ್ತು. ನಾಲ್ಕು ವರ್ಷದ ಮಗುವಿಗೆ ಗಡಿಯಾರ ನೋಡಲು ಬರುತ್ತದೆಯೇ? ಅದು ದಿನವೆಲ್ಲ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತುಬಿಟ್ಟಿದೆ.

ಜವಾದ್ ಎದ್ದು ನಿಂತ. ಬಲಗೈಗೆ ಮೊಣಕೈವರೆಗೂ ಬಿಳಿ ಬಟ್ಟೆ. ಎರಡು ಬೆರಳಿರಬೇಕಾದ ಕಡೆ ಚಪ್ಪಟೆ. ಎಡಗೈಯಲ್ಲೇ ನನಗೆ ಚಹಾ ಬಗ್ಗಿಸಿದ, ಅರ್ಧ ತಟ್ಟೆಗೆ ಚೆಲ್ಲಿತು. ನೋಡಲು ಬಂದಿದ್ದ ನೆರೆಯವರಿಗೆ, "ಇವರು ನಮ್ಮತ್ತೆ. ಹಾಜಿಯವರ ಮನೆ ನಡೆಸೋದೇ ಇವರು," ಎಂದು ಪರಿಚಯಿಸಿದ. ಅವರು ಎದ್ದು ಕೈಯನ್ನು ಎದೆಗೆ ಮುಟ್ಟಿಸಿಕೊಂಡರು.

ಅವರು ಹೋದ ಮೇಲೆ ಅವನು ನನ್ನ ಮುಂದೆ ಕೂತು ಮೆಲ್ಲಗೆ ಹೇಳಿದ: "ತಪ್ಪು ನನ್ನದೇ ಅತ್ತೆ. ಆ ದಿನ ತಣ್ಣೀರು ಸ್ನಾನ ತಪ್ಪಿಸಿದ್ದೆ, ಚಳಿ ಅಂತ. ಅದಕ್ಕೇ ಮೈ ಜಡವಾಯ್ತು." ಆಮೇಲೆ ಕೇಳಿದ: "ಹಾಜಿಯವರು ಕಾಯಿಲೆ ಬಿದ್ದಾಗ ಏನ್ ಮಾಡ್ತಾರೆ? ಆಗಲೂ ನಾಲ್ಕೂವರೆಗೇ ಏಳ್ತಾರಾ?"

ನಾನು ಅವನ ಮುಖ ನೋಡಿದೆ. ಕಣ್ಣ ಕೆಳಗೆ ಹೊಗೆ ಹಿಡಿದ ಹಾಗೆ ಕಪ್ಪು. ಈಗ ಹೇಳಿಬಿಡು ತಾಮು ಅಂದುಕೊಂಡೆ. ಹೇಳಿದರೆ ಆ ಬೆರಳುಗಳು ಸುಮ್ಮನೆ ಹೋದವು ಎಂದು ಅವನಿಗೆ ನಾನೇ ತಿಳಿಸಿದ ಹಾಗಾಗುತ್ತದೆ. ಇದೂ ನೆಪವೇ. ನನಗೆ ಆ ದಿಂಬು ಬೇಕಿತ್ತು, ಮಾಳಿಗೆಯ ಕೋಣೆ ಬೇಕಿತ್ತು.

"ಏಳ್ತಾರಪ್ಪ. ಜ್ವರ ಇದ್ದರೂ ಏಳ್ತಾರೆ," ಅಂದೆ.

ನಿಲ್ದಾಣಕ್ಕೆ ಬಿಡಲು ನೀನು ಬಂದೆ. ಟ್ಯಾಕ್ಸಿ ಇನ್ನೂ ತುಂಬಿರಲಿಲ್ಲ. ನೀನು ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದೆ. "ಅಮ್ಮಾ, ಆ ಮನೇಲಿ ಹಾಜಿಯವರ ಮಕ್ಕಳು ಚಿಕ್ಕವರಿದ್ದಾಗ ನಿಜವಾಗ್ಲೂ ಅಳ್ತಾನೇ ಇರ್ಲಿಲ್ವಾ?" ಎಂದು ಕೇಳಿದೆ. ದೂರಿನ ದನಿಯಲ್ಲಿ ಕೇಳಲಿಲ್ಲ. ನಿನ್ನಲ್ಲೇ ಏನೋ ಕೊರತೆ ಇದೆ, ಅದಕ್ಕೇ ನಿನ್ನ ಮಗು ಅಳುತ್ತದೆ ಎಂಬಂತೆ ಕೇಳಿದೆ. ನಾನು ಇಲ್ಲ ಎಂದು ತಲೆಯಾಡಿಸಿ ಒಳಗೆ ಹತ್ತಿ ಕೂತೆ.

ಈಗ ಹೋದ ಗುರುವಾರದ ಮಾತು. ಹಾಜಿಯವರ ಮುಂಜಾವನ್ನು ಚಿತ್ರ ಹಿಡಿಯಲು ಟೀವಿಯವರು ಬಂದರು. ಬಂದಾಗ ಒಂಬತ್ತೂವರೆ. ಹಾಜಿಯವರು ಇನ್ನೂ ಎದ್ದಿರಲಿಲ್ಲ. ಮೇಲಿನ ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದು ದೀಪ ಹಚ್ಚಿದರು. ಅಡುಗೆಯ ಯಾಮ್ನಾ ನನ್ನ ಕಿವಿಯಲ್ಲಿ, "ತಾಮು, ಇವತ್ತು ಸೂರ್ಯನಿಗೂ ರಜಾ ಕೊಟ್ಟಿದಾರೆ ಕಣೇ," ಅಂದಳು. ಓಟದ ಉಡುಪು ಮಡಿಕೆಯ ಗೆರೆ ಬಿಟ್ಟಿಲ್ಲವೆಂದು ನನ್ನನ್ನು ಇಸ್ತ್ರಿ ಸಮೇತ ಮೇಲೆ ಕರೆದರು. ಗೆರೆ ಹೇಗೆ ಬಿಡುತ್ತದೆ? ಅದನ್ನು ಅವರು ಹಾಕಿಯೇ ಇರಲಿಲ್ಲ. ಒಬ್ಬ ಹುಡುಗಿ ಅವರ ಹಣೆಗೆ ನೀರು ಚಿಮುಕಿಸಿ ಬೆವರು ಮಾಡಿದಳು. ಹಾಜಿಯವರು ತೋಟದಲ್ಲಿ ಹತ್ತು ಹೆಜ್ಜೆ ಓಡಿ, ಕೆಮ್ಮಿ, ಬಂದು ಮತ್ತೆ ಮಲಗಿದರು.

ಇಕ್ರಾಮ್, ಹತ್ತೊಂಬತ್ತು ವರ್ಷದಲ್ಲಿ ನಾನು ಆ ಮಹಡಿ ಹತ್ತಿದ್ದು ಅಂದೇ ಮೊದಲು. ನಾನಿರುವುದು ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ. ಅವರು ಯಾವಾಗ ಏಳುತ್ತಾರೆ, ಏನು ತಿನ್ನುತ್ತಾರೆ, ಅವರ ಮಕ್ಕಳು ಅಳುತ್ತಿದ್ದರೋ ಇಲ್ಲವೋ, ನನಗೇನೂ ಗೊತ್ತಿರಲಿಲ್ಲ. ಮೌನ, ಮೊಟ್ಟೆ, ಫೋನಿನ ಬೀಗ, ಜ್ವರ, ಎಲ್ಲ ನಾನು ಕಟ್ಟಿದ್ದು.

ಒಂದು ಗೊತ್ತು. ಆ ಮನೆಯಲ್ಲಿ ದಿನವೂ ನಾಲ್ಕೂವರೆಗೆ ಏಳುವವರು ಇಬ್ಬರು, ನಾನು ಮತ್ತು ಯಾಮ್ನಾ. ಇನ್ನೂ ಬಿಸಿನೀರು ಬರದ ನಲ್ಲಿಯಲ್ಲಿ ಮುಖ ತೊಳೆಯುತ್ತೇವೆ. ಮಾತಾಡುವುದಿಲ್ಲ, ಮೇಲಿನವರಿಗೆ ಎಚ್ಚರವಾದೀತೆಂದು. ಮಧ್ಯಾಹ್ನದವರೆಗೆ ರೊಟ್ಟಿ ತಿನ್ನಲು ಪುರುಸೊತ್ತಿಲ್ಲ. ಜವಾದ್ ಏಳು ತಿಂಗಳಿಂದ ಮಾಡುತ್ತಿರುವುದು ಹಾಜಿಯವರ ದಿನಚರಿಯಲ್ಲ, ನನ್ನದು. ಅದರಿಂದ ಏನು ಸಿಗುತ್ತದೆ ಎಂದು ತಿಳಿಯಬೇಕಾದರೆ ನನ್ನ ಮಂಡಿ ನೋಡಲಿ.

ಹೀಗೆ ಬರೆದದ್ದು ಹೊರಗೆ ತಿಳಿದರೆ ಈ ಮನೆಯಲ್ಲಿ ನನಗೆ ಜಾಗವಿಲ್ಲ. ನಿಮ್ಮ ಮನೆಯಲ್ಲೂ ಇರಲಾರದು. ಮೂರು ಸಲ ಬರೆದು ಹರಿದೆ. ಹಿಬಾಳ ಕೈಗಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನೀನು ಕ್ಷಮಿಸುತ್ತೀಯ, ನೀನು ಹಾಗೇ. ಅದೇ ನನಗೆ ಭಯ.

ನಿನ್ನ ಹೆತ್ತ
ತಾಮು

ಮರೆತ ಮಾತು: ಜವಾದ್, ಲಕೋಟೆಯ ಮೇಲೆ ನಿನ್ನ ಹೆಸರು ಬರೆದದ್ದು ಕೈತಪ್ಪಿನಿಂದಲ್ಲ. ಇದನ್ನು ನೀನೇ ಮೊದಲು ಓದಬೇಕೆಂದೇ ಬರೆದೆ. ಮುಖ ನೋಡಿ ಹೇಳಲು ಎರಡು ಸಲ ಸೋತಿದ್ದೇನೆ. ಇಕ್ರಾಮ್ ನಿನ್ನ ಬಗ್ಗೆ ನನ್ನೊಡನೆ ಒಂದು ಮಾತೂ ಆಡಿಲ್ಲ; ಇಲ್ಲಿರುವುದೆಲ್ಲ ನನ್ನ ಕಣ್ಣು ಕಂಡದ್ದು. ಓದಿ ಮುಗಿಸಿ ಅವಳಿಗೆ ಕೊಡು. ಬೈಯಬೇಕೆನಿಸಿದರೆ ಉಳಿಸಿಟ್ಟುಕೋ, ಬರುವ ಭಾನುವಾರ ಹತ್ತರ ಹೊತ್ತಿಗೆ ನಾನೇ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನೆರೆಯವರು ಯಾರೆಂದು ಕೇಳಿದರೆ ಬಟ್ಟೆ ಒಗೆಯುವ ತಾಮು ಎಂದೇ ಹೇಳುತ್ತೇನೆ.