ನನ್ನ ಬಾಯಿಂದಲೇ ಒಪ್ಪಿಗೆ

ಅಣ್ಣನಿಗೆ ಸಲಾಂ,

ಶುಕ್ರವಾರ ನನ್ನ ನಿಕಾಹ್. “ಈ ವಯಸ್ಸಲ್ಲಿ ಇದೆಲ್ಲಾ ಬೇಕಾ? ಜನ ಆಡ್ಕೋತಾರೆ” ಎಂದು ಅತ್ತಿಗೆ ಫೋನಿನಲ್ಲಿ ಗೊಣಗಿದರು. “ಆಡ್ಕೊಳ್ಳೋರಿಗೂ ಊಟ ಇದೆ, ಕರ್ಕೊಂಡ್ ಬನ್ನಿ” ಎಂದೆ.

ಮೊದಲ ಮದುವೆಯಲ್ಲಿ ನೀನು ಸಾಕ್ಷಿಗಳೊಂದಿಗೆ ನನ್ನ ಒಪ್ಪಿಗೆ ಕೇಳಲು ಒಳಕೋಣೆಗೆ ಬಂದಾಗ ದೊಡ್ಡಮ್ಮ ಹಿಂದಿನಿಂದ ನನ್ನ ತಲೆ ಬಗ್ಗಿಸಿದರು. ಅದನ್ನೇ ಒಪ್ಪಿಗೆ ಎಂದುಕೊಂಡು ನೀನು ಹೊರಟೆ. ತೀರಿಕೊಂಡ ಯಜಮಾನರು ಒಳ್ಳೆಯವರೇ ಆಗಿದ್ದರು, ಆ ಮಾತು ಬೇರೆ.

ವಿಧವೆ ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು ಎನ್ನುವುದು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ, ನಮ್ಮ ಧರ್ಮದ್ದೇ ಮಾತು. ಈ ಸಲವೂ ನೀನೇ ಬಂದು ಕೇಳು. ಬಾಗಿಲು ತೆರೆದಿಡು, ಹೊರಗೆ ಕೂತವರಿಗೂ ಉತ್ತರ ಕೇಳಿಸಲಿ.

ನೀನು ಬಾರದಿದ್ದರೂ ನಿಕಾಹ್ ನಡೆಯುತ್ತದೆ. ಆದರೆ ಆ ‘ಹೌದು’ ನಿನ್ನೆದುರೇ ಹೇಳಬೇಕೆಂಬ ಆಸೆ.

ನಿನ್ನ ತಂಗಿ